ಪಾಠಶಾಲೆಯಲ್ಲಿ ಒಡನಾಟ: ಒಂದು ಹಳೆಯ ಚರಿತ್ರೆ

ಪ್ರಾಥಮಿಕ ಪಾಠಶಾಲೆಗಳಲ್ಲಿ ಮಕ್ಕಳಿಗೆ ಸೌಶೀಲ್ಯವನ್ನೂ ನಾಲ್ವರೊಡನೆ ಕೂಡಿ ಬಾಳುವ ಕ್ರಮವನ್ನೂ ಕಲಿಸಬೇಕೆಂಬ ಮಾತು ಎದ್ದಾಗಲೆಲ್ಲ, ನೀತಿಪಾಠಕ್ಕೆ ಯಾವ ಪುಸ್ತಕವನ್ನಿಡಬೇಕು, ವಾರಕ್ಕೆ ಎಷ್ಟು ಗಂಟೆಗಳನ್ನು ಮೀಸಲಾಗಿಡಬೇಕು ಎಂಬ ಚರ್ಚೆಯೇ ಮೊದಲು ಹುಟ್ಟುತ್ತದೆ. ಪುಸ್ತಕದ ಪ್ರಯೋಜನವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಪಾಠಶಾಲೆಗಳ ಚರಿತ್ರೆಯನ್ನು ಪರಿಶೀಲಿಸಿದರೆ ಮಗುವಿನ ನಡತೆಯನ್ನು ತಿದ್ದಿದ್ದೂ ಕೆಡಿಸಿದ್ದೂ ಬಹುಮಟ್ಟಿಗೆ ಬೇರೊಂದು ಸಂಗತಿಯೆಂದು ತೋರುತ್ತದೆ. ಒಂದು ಮಗುವನ್ನು ಮತ್ತೊಂದು ಮಗುವಿನ ಪಕ್ಕದಲ್ಲಿ ಯಾವ ಸಂಬಂಧದಿಂದ ಕೂರಿಸಿದರು ಎಂಬುದೇ ಆ ಸಂಗತಿ. ಇದರ ಚರಿತ್ರೆಯಲ್ಲಿ ಕನ್ನಡನಾಡಿಗೆ ಒಂದು ದೊಡ್ಡ ಪಾಲಿರುವುದನ್ನು ನಮ್ಮಲ್ಲಿ ಅನೇಕರು ಅರಿಯರು.

1623ನೆಯ ಇಸವಿಯಲ್ಲಿ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ರೋಮಿನ ಪ್ರವಾಸಿಯು ಗೋವೆಯ ಪೋರ್ಚುಗೀಸರ ರಾಯಭಾರಿಯೊಡನೆ ಇಕ್ಕೇರಿಯ ವೆಂಕಟಪ್ಪನಾಯಕನ ಆಸ್ಥಾನಕ್ಕೆ ಹೊರಟು, ಹೊನ್ನಾವರ ಗೇರುಸೊಪ್ಪೆಗಳ ಮಾರ್ಗವಾಗಿ ಘಟ್ಟವನ್ನೇರಿದನು. ದಾರಿಯಲ್ಲಿ ಒಂದು ದೇವಾಲಯದ ಮುಖಮಂಟಪದಲ್ಲಿ ನಾಲ್ವರು ಚಿಕ್ಕ ಹುಡುಗರು ಲೆಕ್ಕ ಕಲಿಯುತ್ತಿದ್ದರು. ಒಬ್ಬನು ಪಾಠದ ಒಂದು ತುಣುಕನ್ನು ರಾಗವಾಗಿ ಹೇಳುತ್ತ, ನೆಲದ ಮೇಲೆ ಹರಡಿದ್ದ ನುಣ್ಣನೆಯ ಮರಳಿನಲ್ಲಿ ಬೆರಳಿನಿಂದ ಬರೆಯುವನು. ಉಳಿದವರು ಅದನ್ನೇ ಹಾಡಿ ಅದನ್ನೇ ಬರೆಯುವರು. ನೆಲ ತುಂಬಿದರೆ ಅಳಿಸಿ ಮತ್ತೆ ಮರಳನ್ನು ಎರಚುವರು. ಹತ್ತಿರದಲ್ಲಿ ಉಪಾಧ್ಯಾಯನಿರಲಿಲ್ಲ. ಪಾಠವನ್ನು ಮರೆತರೆ, ತಪ್ಪಿದರೆ, ತಿದ್ದುವವರು ಯಾರೆಂದು ಪ್ರವಾಸಿಯು ಕೇಳಿದನು. ನಾಲ್ವರೂ ಒಂದೇ ಕಡೆಯಲ್ಲಿ ತಪ್ಪುವುದು ಆಗದ ಮಾತು, ಒಬ್ಬನು ತಪ್ಪಿದರೆ ಇನ್ನೊಬ್ಬನು ತಿದ್ದಲೆಂದೇ ತಾವು ಕೂಡಿ ಅಭ್ಯಾಸಮಾಡುತ್ತಿರುವುದು ಎಂಬ ಅರ್ಥದ ಉತ್ತರ ಹುಡುಗರಿಂದ ಬಂದಿತು. ಆತನು ಅದನ್ನು ಮೆಚ್ಚಿ ತನ್ನ ಪತ್ರದಲ್ಲಿ ಬರೆದಿಟ್ಟನು. ರಾಜರ ದಂಡಯಾತ್ರೆಗಳನ್ನು ವಿಸ್ತಾರವಾಗಿ ವರ್ಣಿಸಿದ ನಮ್ಮ ಕವಿಗಳು ಇಂಥ ಒಂದು ಜಗಲಿಯ ಕಡೆಗೆ ಕಣ್ಣು ಹಾಯಿಸಿದ್ದು ಅಪರೂಪ.

ಹುಡುಗರ ಆ ಉತ್ತರವನ್ನು ನಾವು ತುಸು ನಿಂತು ಯೋಚಿಸಬೇಕು. ಅದರಲ್ಲಿ ಗುರುವಿನ ಭಯವಿಲ್ಲ, ಬಹುಮಾನದ ಆಸೆಯೂ ಇಲ್ಲ. ತಪ್ಪುವುದು ಅವಮಾನವೆಂಬ ಭಾವನೆ ಮೊದಲೇ ಇಲ್ಲ. ತಪ್ಪು ಎಲ್ಲರಿಗೂ ಒದಗತಕ್ಕದ್ದು, ಆದಕಾರಣ ಒಬ್ಬರಿಗೊಬ್ಬರು ಬೇಕು ಎಂಬ ತಿಳಿವಳಿಕೆಯಿದೆ. ಯಾವ ನೀತಿಪಾಠದ ಪುಸ್ತಕವು ಇದಕ್ಕಿಂತ ಹೆಚ್ಚಿನದನ್ನು ಕಲಿಸೀತು?

ಆದರೆ ನಮ್ಮ ಹಳೆಯ ಮಠಗಳೆಲ್ಲ ಹೀಗೆಯೇ ಇದ್ದುವೆಂದು ಹೆಮ್ಮೆಪಡುವುದಕ್ಕಿಲ್ಲ. ಸರಿಯಾಗಿ ಇನ್ನೂರು ವರ್ಷಗಳ ತರುವಾಯ, 1823ರಲ್ಲಿ, ಬಳ್ಳಾರಿಯ ಕಲೆಕ್ಟರ್ ಕ್ಯಾಂಬೆಲ್ ಎಂಬವನು ಮದರಾಸು ಸರ್ಕಾರಕ್ಕೆ ತನ್ನ ಜಿಲ್ಲೆಯ ಪಾಠಶಾಲೆಗಳ ವಿಚಾರವಾಗಿ ಒಂದು ವರದಿಯನ್ನು ಕಳುಹಿಸಿದನು. ಗವರ್ನರ್ ಮನ್ರೋ ಹಿಂದಿನ ವರ್ಷ ಆಜ್ಞಾಪಿಸಿದ ವಿಚಾರಣೆಗೆ ಅದು ಉತ್ತರ. ಜಿಲ್ಲೆಯಲ್ಲಿ 533 ಪಾಠಶಾಲೆಗಳೂ 6,641 ವಿದ್ಯಾರ್ಥಿಗಳೂ ಇದ್ದರು. 235 ಪಾಠಶಾಲೆಗಳು ಕನ್ನಡದವು. ಇಷ್ಟು ಮಕ್ಕಳಲ್ಲಿ ಹಿಂದೂ ಹುಡುಗಿಯರು ಕೇವಲ 60 ಮಂದಿ. ಬೆಳಗಾಗುತ್ತಲೇ ಮಠಕ್ಕೆ ಮೊದಲು ಬಂದ ಹುಡುಗನ ಅಂಗೈಯಲ್ಲಿ ಗೌರವಸೂಚಕವಾಗಿ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರು. ಎರಡನೆಯವನ ಕೈಗೆ ಒಂದು ಸೊನ್ನೆ. ಅವನಿಗೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲನೆ ಒಂದು ಏಟು, ನಾಲ್ಕನೆಯವನಿಗೆ ಎರಡು. ಹೀಗೆ ಹಿಂದೆ ಬಂದವರಿಗೆ ಒಂದೊಂದಾಗಿ ಹೆಚ್ಚುತ್ತಿತ್ತು. ಸೋಮಾರಿಯಾದವನನ್ನು ಎರಡು ಕೈಗಳನ್ನೂ ಕಟ್ಟಿ ಮಾಡಿಗೆ ತೂಗುಹಾಕುವುದೂ ಉಂಟು. ನಮ್ಮ ಹಿರಿಯರ ಮಾತುಗಳಲ್ಲಿ ಕೋದಂಡವೆಂದು ಕೇಳಿಬರುವುದು ಇದೇ.

ಈ ಏಟಿನ ಲೆಕ್ಕವನ್ನು ಗಮನಿಸಿರಿ. ಕಡೆಗೆ ಬಂದ ಹುಡುಗನು ತಾಯಿಗೆ ನೀರು ತಂದುಕೊಟ್ಟು ತಡವಾಗಿ ಬಂದಿರಬಹುದು. ಮೂರು ಹರದಾರಿ ನಡೆದು ಬಂದಿರಬಹುದು. ಲೆಕ್ಕಕ್ಕೆ ಅದಾವುದೂ ಬೇಕಿಲ್ಲ. ಹೊತ್ತಿಗೆ ಸರಿಯಾಗಿ ಇಪ್ಪತ್ತು ಮಂದಿ ಬಂದರೂ ಹದಿನೆಂಟು ಮಂದಿಗೆ ಏಟು ತಪ್ಪದು. ಒಬ್ಬನ ಅಂಗೈಯ ಸರಸ್ವತಿ ಉಳಿದವರ ಅಂಗೈಯ ಬರೆಯಾಗುತ್ತದೆ. ಒಡನೋದಿಯು ಮುಂದಾಗುವುದು ತನಗೆ ನಷ್ಟವೆಂಬ ಪಾಠವು ಅಕ್ಷರಾಭ್ಯಾಸಕ್ಕಿಂತ ಮೊದಲು, ಪ್ರತಿ ಬೆಳಗ್ಗೆ ನಡೆಯುತ್ತಿತ್ತು.

ವಿಚಿತ್ರವೇನೆಂದರೆ, ಅದೇ ಮಠದಲ್ಲಿ ಅದೇ ಹುಡುಗರು ಗಳಿಗೆಯೊಳಗೆ ಮರಳಿನ ಮುಂದೆ ಕುಳಿತು, ಬಲ್ಲವರು ಅರಿಯದವರಿಗೆ ಹೇಳಿಕೊಡುತ್ತಿದ್ದರು. ಮುಂದುವರಿದ ವಿದ್ಯಾರ್ಥಿಗಳು ಹಿಂದಿನವರಿಗೆ ಕಲಿಸುತ್ತ ತಮ್ಮ ವಿದ್ಯೆಯನ್ನೂ ಗಟ್ಟಿಮಾಡಿಕೊಳ್ಳುವ ಈ ಪದ್ಧತಿಯನ್ನು ಕ್ಯಾಂಬೆಲ್ ಹೊಗಳಿ, ಇಂಗ್ಲೆಂಡು ಇದನ್ನು ಅನುಸರಿಸಿದ್ದು ಯೋಗ್ಯವೇ ಆಯಿತೆಂದು ಬರೆದನು. ಬಳ್ಳಾರಿಯ ಜಗಲಿಯ ಪದ್ಧತಿ ಅಷ್ಟು ಹೊತ್ತಿಗೆ ಇಂಗ್ಲೆಂಡನ್ನು ಹೇಗೆ ಮುಟ್ಟಿತ್ತೆಂಬುದನ್ನು ತಿಳಿಯಲು ಕೆಲವು ವರ್ಷ ಹಿಂದಕ್ಕೆ, ಮದರಾಸಿಗೆ ಹೋಗಬೇಕು.

ಮದರಾಸಿನ ಎಗ್ಮೂರಿನಲ್ಲಿ ಐರೋಪ್ಯ ಸೈನಿಕರ ಅನಾಥ ಗಂಡುಮಕ್ಕಳಿಗಾಗಿ ಒಂದು ಆಶ್ರಮವಿತ್ತು. 1789ರಲ್ಲಿ ಆಂಡ್ರೂ ಬೆಲ್ ಎಂಬ ಸ್ಕಾಟ್ಲೆಂಡಿನ ಪಾದ್ರಿಯು ಅದರ ಮೇಲ್ವಿಚಾರಣೆಯನ್ನು ವಹಿಸಿದನು. ಈ ದೇಶದ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು ತನ್ನ ಉಪಾಧ್ಯಾಯರಿಗೆ ಹಾಗೆ ಮಾಡಿರೆಂದನು. ಅವರಿಂದ ಆಗದೆಹೋದಾಗ ಸುಮಾರು ಎಂಟು ವರ್ಷದ ಜಾನ್ ಫ್ರಿಸ್ಕೆನ್ ಎಂಬ ಹುಡುಗನ ಕೈಗೆ ಆ ತರಗತಿಯನ್ನೇ ಒಪ್ಪಿಸಿದನು. ಹುಡುಗನು ಅದನ್ನು ಸಾಧಿಸಿದನು. ಮುಂದೆ ಬೆಲ್ಲನು ತರಗತಿಯ ಅರ್ಧ ಮಕ್ಕಳನ್ನು ಇನ್ನರ್ಧದವರ ಪಕ್ಕದಲ್ಲಿ ಜೊತೆಜೊತೆಯಾಗಿ ಕೂರಿಸಿ, ಬಲ್ಲವನೊಬ್ಬನು ಕಲಿಯುವವನೊಬ್ಬನಿಗೆ ಹೊಣೆಯಾಗುವಂತೆ ಏರ್ಪಡಿಸಿದನು. ತಪ್ಪುಗಳನ್ನು ಒಂದು ಕಪ್ಪು ಪುಸ್ತಕದಲ್ಲಿ ಬರೆದಿಟ್ಟು, ವಾರಕ್ಕೊಮ್ಮೆ ಮಕ್ಕಳ ಸಭೆಯ ಮುಂದೆ ಓದಿಸಿ, ಒಡನೋದಿಗಳಿಂದಲೇ ತೀರ್ಪು ಹೇಳಿಸುತ್ತಿದ್ದನು. ಹೊಡೆತದ ಅಗತ್ಯವು ಬಹಳ ಕಡಮೆಯಾಯಿತೆಂಬುದೇ ಅವನ ಹೆಚ್ಚಿನ ಸಂತೋಷ. 1796ರಲ್ಲಿ ಸ್ವದೇಶಕ್ಕೆ ಹಿಂತಿರುಗಿ ಮರುವರ್ಷ ಇದನ್ನೆಲ್ಲ ಒಂದು ಸಣ್ಣ ಪುಸ್ತಕವಾಗಿ ಪ್ರಕಟಿಸಿದನು. ಮದರಾಸು ಪದ್ಧತಿಯೆಂಬ ಹೆಸರು ಅಲ್ಲಿ ಹರಡಿತು.

ಲಂಡನ್ನಿನಲ್ಲಿ 1798ರಿಂದ ಬಡಮಕ್ಕಳಿಗೆ ಶಾಲೆ ನಡೆಸುತ್ತಿದ್ದ ಜೋಸೆಫ್ ಲ್ಯಾಂಕಾಸ್ಟರನೂ ಇಂಥದೇ ದಾರಿಯನ್ನು ಹಿಡಿದನು. ಒಬ್ಬ ಉಪಾಧ್ಯಾಯನಿಂದ ನೂರಾರು ಮಕ್ಕಳಿಗೆ ಪಾಠ! ಮಾನಿಟರ್ ಎಂಬ ಹೆಸರು ಪ್ರಸಿದ್ಧವಾದದ್ದು ಇಲ್ಲಿಂದ. ಛಡಿಯನ್ನು ಬಿಟ್ಟವನೆಂದು ಲ್ಯಾಂಕಾಸ್ಟರನಿಗೆ ಕೀರ್ತಿ ಬಂದರೂ, ಛಡಿಯ ಸ್ಥಾನಕ್ಕೆ ಅವನು ತಂದದ್ದನ್ನು ಕೇಳಿದರೆ ಬಳ್ಳಾರಿಯ ಅಂಗೈ ನೆನಪಾಗುತ್ತದೆ. ಜಾಣನಿಗೆ ಪದಕ, ಆಟಿಕೆಗೆ ಬದಲಾಗುವ ಚೀಟಿ. ತಪ್ಪಿತಸ್ಥನ ಕೊರಳಿಗೆ ಮರದ ಕೊರಡು, ಅಪಮಾನದ ಹಲಗೆ. ಕೆಲವರನ್ನು ಬುಟ್ಟಿಯಲ್ಲಿ ಕೂರಿಸಿ ಮೇಲಕ್ಕೆ ಎಳೆದು ತೂಗಬಿಡುವುದು. ಮರಳಿನೊಡನೆ ಕೋದಂಡವೂ ಹಡಗು ಹತ್ತಿತೇ ಎಂದು ನಮಗೆ ಸಂಶಯ ಬರುವಂತಿದೆ. ಆದರೆ ಮಕ್ಕಳನ್ನು ನಾಚಿಸುವ ವಿದ್ಯೆಯನ್ನು ಯಾವ ದೇಶವೂ ಇನ್ನೊಂದರಿಂದ ಎರವಲು ಪಡೆಯಬೇಕಾಗಿಲ್ಲ.

ಲ್ಯಾಂಕಾಸ್ಟರನಿಗೆ ಸಾವಿರ ಪೌಂಡು ಸಹಾಯಮಾಡಿದವರಲ್ಲಿ ರಾಬರ್ಟ್ ಓವನ್ ಒಬ್ಬನು. ಸ್ಕಾಟ್ಲೆಂಡಿನ ನ್ಯೂ ಲ್ಯಾನಾರ್ಕಿನಲ್ಲಿ ಹತ್ತಿಯ ಗಿರಣಿಯ ಒಡೆಯ. 1816ರ ಜನವರಿ 1ರಂದು ಶೀಲಸಂವರ್ಧನೆಯ ಹೆಸರಿನಲ್ಲಿಯೇ ಒಂದು ವಿದ್ಯಾಸಂಸ್ಥೆಯನ್ನು ತೆರೆದು, ಬಹುಮಾನವನ್ನೂ ದಂಡನೆಯನ್ನೂ ಒಟ್ಟಿಗೆ ತೆಗೆದುಹಾಕಿದನು. ಶಿಶುಗಳ ತರಗತಿಗೆ ಆರಿಸಿದ್ದು ಜೇಮ್ಸ್ ಬುಕಾನನ್ ಎಂಬ ನೇಕಾರನನ್ನೂ ಮಾಲಿ ಯಂಗ್ ಎಂಬ ತರುಣಿಯನ್ನೂ. ಅವರು ಮಕ್ಕಳನ್ನು ಹೊಡೆಯಬಾರದು, ಗದರಿಸಬಾರದು, ಒರಟುಮಾತು ಆಡಬಾರದು. ಜೊತೆಯವರನ್ನು ಸುಖವಾಗಿಡಬೇಕೆಂಬುದೊಂದನ್ನು ಮಾತ್ರ ಮಕ್ಕಳಿಗೆ ಬಿಡದೆ ಹೇಳುತ್ತಿರಬೇಕು. ದೊಡ್ಡವರ ವಿಷಯದಲ್ಲಿ ಮಾತ್ರ ಓವನ್ನನಿಗೆ ಅಷ್ಟು ನಂಬಿಕೆಯಿರಲಿಲ್ಲ. ಗಿರಣಿಯಲ್ಲಿ ಪ್ರತಿಯೊಬ್ಬ ಕೆಲಸಗಾರನ ಬಳಿಯಲ್ಲಿಯೂ ನಾಲ್ಕು ಬಣ್ಣಗಳ ಮರದ ತುಂಡೊಂದು ತೂಗುತ್ತಿತ್ತು. ಹಿಂದಿನ ದಿನದ ನಡತೆ ಕೆಟ್ಟದ್ದಾಗಿದ್ದರೆ ಕಪ್ಪು ಮುಖ, ಉತ್ತಮವಾಗಿದ್ದರೆ ಬಿಳಿಯ ಮುಖ ಕಾಣುವುದು. ಅದಕ್ಕೆ ಮೌನಿಯಾದ ಮಾನಿಟರ್ ಎಂದೇ ಹೆಸರು.

ಇಂಗ್ಲೆಂಡಿನಲ್ಲಿ 1846ರಿಂದ ವೇತನ ಪಡೆದು ಕಲಿಸುತ್ತ ಕಲಿಯುವ ತರುಣರು ಬಂದ ಮೇಲೆ ಬೆಲ್ ಲ್ಯಾಂಕಾಸ್ಟರರ ಪದ್ಧತಿಗಳು ಕ್ರಮೇಣ ಹಿಂದೆ ಸರಿದುವು. ನಮ್ಮ ಶಾಲೆಗಳಲ್ಲಿ ಮಾನಿಟರ್ ಎಂಬ ಪದ ಉಳಿಯಿತು, ಕೆಲಸ ಬದಲಾಯಿತು. ಉಪಾಧ್ಯಾಯರು ಹೊರಗೆ ಹೋದಾಗ ಯಾರು ಮಾತನಾಡಿದರೆಂದು ಹೆಸರುಗಳನ್ನು ಕರಿಹಲಗೆಯ ಮೇಲೆ ಬರೆದಿಡುವ ಹುಡುಗನೇ ಈಗ ಮಾನಿಟರ್. ಗೆಳೆಯನ ಹೆಸರನ್ನು ಬಿಡಬೇಕೇ, ಬರೆಯಬೇಕೇ ಎಂಬ ಧರ್ಮಸಂಕಟವನ್ನು ಎಂಟು ವರ್ಷದ ಮಗುವಿನ ತಲೆಯ ಮೇಲೆ ಹೊರಿಸಿ, ಅದಕ್ಕೆ ಶಿಸ್ತು ಎಂದು ಹೆಸರಿಟ್ಟಿದ್ದೇವೆ.

1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ ಮುಂದೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ವ್ಯಾಪಿಸಿದ ನಲಿ-ಕಲಿ ಪದ್ಧತಿಯಲ್ಲಿ ಮಕ್ಕಳು ನೆಲದ ಮೇಲೆ ಗುಂಪುಗುಂಪಾಗಿ ಕುಳಿತುಕೊಳ್ಳುತ್ತಾರೆ. ಒಂದು ಗುಂಪಿಗೆ ಉಪಾಧ್ಯಾಯರ ನೆರವು ಉಂಟು. ಇನ್ನೊಂದು ಗುಂಪಿಗೆ ಒಡನೋದಿಗಳ ನೆರವು ಮಾತ್ರ. ಈ ಏರ್ಪಾಡು ಮೊದಲ ಮೂರು ತರಗತಿಗಳಿಗೆ. ನಾಲ್ಕಕ್ಕೆ ಹೋದ ಮಗು ಸಾಲಿನಲ್ಲಿ ಕುಳಿತು, ಕರಿಹಲಗೆಯ ಮೇಲೆ ತನ್ನ ಹೆಸರು ಬೀಳದಂತೆ ನೋಡಿಕೊಳ್ಳುವುದನ್ನು ಹೊಸದಾಗಿ ಕಲಿಯಬೇಕಾಗುತ್ತದೆ.