ಹೆಪ್ಪಾಗದ ಹಾಲಿನ ಇತಿಹಾಸ: ಒಂಟೆ ಹಾಲು ನಮ್ಮ ಫ್ರಿಜ್‌ಗೆ ಬಂದದ್ದು ಹೇಗೆ?

ಹೋದ ತಿಂಗಳು ಸೀವುಡ್ಸ್‌ನ ನಮ್ಮ ಫ್ಲ್ಯಾಟ್‌ಗೆ ಅಮ್ಮ ಒಂಟೆ ಹಾಲು ತರಿಸಿದ್ರು. ಮೊದಲು ಮಾಡಿದ ಕೆಲಸ, ಒಂದು ಲೋಟಕ್ಕೆ ಹೆಪ್ಪು ಹಾಕಿದ್ದು. ಬೆಳಿಗ್ಗೆ ನೋಡಿದ್ರೆ ಮೊಸರಿಲ್ಲ, ನೀರು ನೀರು. ಎಲ್ಲರೂ ನಕ್ಕೆವು. ನಗು ನಿಂತದ್ದು ಮಧ್ಯಾಹ್ನ. ಕಂಪನಿಯ ಹೆಸರೂ ಇಲ್ಲದ ಒಂದು ವಾಟ್ಸಾಪ್ ಫಾರ್ವರ್ಡ್ ನಂಬಿ ಅಮ್ಮ ನಾಲ್ಕು ದಿನದಿಂದ ಶುಗರ್ ಮಾತ್ರೆ ಬಿಟ್ಟಿದ್ರು. ಗ್ಲೂಕೋಮೀಟರ್ 300 ದಾಟಿತ್ತು.

ಮಾತ್ರೆ ಮತ್ತೆ ಶುರುವಾಯ್ತು. ನನ್ನ ತಲೆಯಲ್ಲಿ ಪ್ರಶ್ನೆ ಉಳೀತು: ತಲೆಮಾರುಗಳಿಂದ ಯಾರೂ ಮಾರದಿದ್ದ ಹಾಲು ಇದ್ದಕ್ಕಿದ್ದಂತೆ ಔಷಧಿ ಆಗಿದ್ದು ಹೇಗೆ?

ರಾಜಸ್ಥಾನದ ಒಂಟೆ ಸಾಕುವ ಸಮುದಾಯ ರೈಕಾ. ಅವರ ಐತಿಹ್ಯದಲ್ಲಿ ಪಾರ್ವತಿ ಮಣ್ಣಿನಿಂದ ಒಂಟೆ ಮಾಡಿದಳು, ಶಿವ ಜೀವ ತುಂಬಿದ, ಆಮೇಲೆ ಅದನ್ನು ನೋಡಿಕೊಳ್ಳಲು ರೈಕಾನನ್ನು ಸೃಷ್ಟಿಸಿದ. ಹಾಗಾಗಿ ಹಾಲು ಕುಡಿಯಬಹುದು, ಬಂದವರಿಗೆ ಕೊಡಬಹುದು, ಮಾರೋದು ಮಾತ್ರ ತಪ್ಪು. ಇದಕ್ಕೆ ಹಾಲಿನ ಗುಣವೂ ಹೊಂದಿಕೊಂಡಿತ್ತು. ಗಟ್ಟಿ ಮೊಸರು ಕಟ್ಟಲು ಬೇಕಾದ ಕ್ಯಾಪಾ-ಕೇಸೀನ್ ಇದರಲ್ಲಿ ಕಡಿಮೆ. ಬೆಣ್ಣೆ ಕಡೆಯೋದೂ ಕಷ್ಟ. ಕೂಡಿಟ್ಟು ಸಂತೆಗೆ ಒಯ್ಯಲು ತುಪ್ಪವಿಲ್ಲ. ಆದಾಯ ಬರುತ್ತಿದ್ದದ್ದು ಗಂಡು ಒಂಟೆಗಳನ್ನು ಸವಾರಿಗೆ, ಗಾಡಿಗೆ, ಉಳುಮೆಗೆ ಮಾರಿ.

ಆ ಕೆಲಸವನ್ನು ಟ್ರ್ಯಾಕ್ಟರ್, ಲಾರಿ ಕಿತ್ತುಕೊಂಡವು. ಇಂದಿರಾ ಗಾಂಧಿ ಕಾಲುವೆ ಬಂದಲ್ಲಿ ಮೇವಿನ ಬಯಲು ಹೊಲವಾಯ್ತು. 1992ರಲ್ಲಿ ದೇಶದಲ್ಲಿ ಸುಮಾರು 10 ಲಕ್ಷ ಒಂಟೆಗಳಿದ್ದವು. 2012ರ ಗಣತಿಯಲ್ಲಿ 4 ಲಕ್ಷ, 2019ರಲ್ಲಿ ಎರಡೂವರೆ ಲಕ್ಷ. ನಡುವೆ, 2014ರಲ್ಲಿ ರಾಜಸ್ಥಾನ ಒಂಟೆಯನ್ನು ರಾಜ್ಯಪ್ರಾಣಿ ಮಾಡಿತು; 2015ರ ಕಾನೂನು ಹತ್ಯೆ ನಿಷೇಧಿಸಿ, ಹೊರರಾಜ್ಯಕ್ಕೆ ಸಾಗಣೆಯನ್ನೂ ಬಿಗಿ ಮಾಡಿತು. ಉದ್ದೇಶ ಒಳ್ಳೆಯದೇ. ಆದ್ರೆ ಕೊಳ್ಳುವವರೇ ಇಲ್ಲದೆ ಪುಷ್ಕರ ಜಾತ್ರೆಯಲ್ಲಿ ಬೆಲೆ ಬಿತ್ತು. ಉಳಿದ ದಾರಿ ಹಾಲೊಂದೇ.

2016ರಲ್ಲಿ ಎಫ್‌ಎಸ್‌ಎಸ್‌ಎಐ ಒಂಟೆ ಹಾಲಿಗೆ ಮಾನದಂಡ ಪ್ರಕಟಿಸಿತು. ಅದೇ ವರ್ಷ ಹಿತೇಶ್ ರಾಠಿ ಆದ್ವಿಕ್ ಫುಡ್ಸ್ ಎಂಬ ಸ್ಟಾರ್ಟಪ್ ಶುರು ಮಾಡಿದರು. ನಾವು ಸ್ಕೇಲಿಂಗ್ ಅಂತೀವಲ್ಲ, ಇಲ್ಲಿ ಅದು ನಿಜವಾದ ತಲೆನೋವು: ಹಿಂಡುಗಳು ಅಲೆಯುತ್ತಿರುತ್ತವೆ, ಗರ್ಭದ ಅವಧಿ ಸುಮಾರು 13 ತಿಂಗಳು, ಮರಿ ಪಕ್ಕದಲ್ಲಿಲ್ಲದಿದ್ರೆ ಒಂಟೆ ಸಾಮಾನ್ಯವಾಗಿ ಹಾಲು ಬಿಡೋದಿಲ್ಲ. ಕೊಳ್ಳುವವರು ದೂರದ ನಗರಗಳಲ್ಲಿ. ಆದ್ದರಿಂದ ಮೊದಲು ಹೆಪ್ಪುಗಟ್ಟಿಸಿದ ಹಾಲು, ಆಮೇಲೆ ಪುಡಿ. ಬೆಲೆ ಏರಿದ್ದು ಇಲ್ಲಿ. ಬೆಲೆ ಏರಿದಾಗ ಮಾರುಕಟ್ಟೆಗೆ ಒಂದು ಕಾರಣ ಬೇಕು. ಸಿಕ್ಕ ಕಾರಣ, ಆರೋಗ್ಯ.

ಆ ಮಾತು ಪೂರ್ತಿ ಗಾಳಿಯಲ್ಲಿ ಹುಟ್ಟಿದ್ದಲ್ಲ. ಬಿಕಾನೇರ್‌ನ ವೈದ್ಯರು ಟೈಪ್-1 ಮಧುಮೇಹಿಗಳಿಗೆ ದಿನಕ್ಕೆ ಅರ್ಧ ಲೀಟರ್ ಒಂಟೆ ಹಾಲು ಕೊಟ್ಟು ನೋಡಿದಾಗ ಇನ್ಸುಲಿನ್ ಅಗತ್ಯ ಕಡಿಮೆಯಾಗಿತ್ತು. ಆದರೆ ಅವು ಚಿಕ್ಕ ಅಧ್ಯಯನಗಳು, ಮತ್ತು ಹಾಲು ಕೊಟ್ಟದ್ದು ಇನ್ಸುಲಿನ್ ಜೊತೆಗೆ, ಅದರ ಬದಲಿಗೆ ಅಲ್ಲ. ಫಾರ್ವರ್ಡ್‌ನಲ್ಲಿ ಬಿಟ್ಟುಹೋಗಿದ್ದು ಈ ಒಂದೇ ಪದ. ಅಮ್ಮನಿಗೆ ಪೆಟ್ಟು ಬಿದ್ದದ್ದೂ ಅಲ್ಲೇ.

ಇನ್ನೊಂದು ದಾರಿ ಕಛ್‌ನಲ್ಲಿದೆ. ಅಲ್ಲಿನ ಖರಾಯ್ ಒಂಟೆಗಳು ಸಮುದ್ರದಲ್ಲಿ ಈಜಿ ಹೋಗಿ ಕಾಂಡ್ಲಾ ಗಿಡ ಮೇಯುತ್ತವೆ. ಹೌದು, ನಮ್ಮ ಪಾಮ್ ಬೀಚ್ ರಸ್ತೆಯಾಚೆ ಕಾಣುವಂಥದೇ ಕಾಂಡ್ಲಾ ಕಾಡು. ಕಛ್‌ನ ಒಂಟೆ ಹಾಲನ್ನು ಸಹಕಾರಿ ವ್ಯವಸ್ಥೆಯಲ್ಲಿ ಸಂಗ್ರಹಿಸಿ, 2019ರ ಜನವರಿಯಲ್ಲಿ ಅಮುಲ್ ಗುಜರಾತಿನಲ್ಲಿ ಅರ್ಧ ಲೀಟರ್ ಬಾಟಲಿಯನ್ನು 50 ರೂಪಾಯಿಗೆ ಮಾರಾಟಕ್ಕೆ ತಂದಿತು. ನಂದಿನಿ ಕುಡಿದು ಬೆಳೆದ ನಮಗೆ ಇದು ಗೊತ್ತಿರೋ ಪಾಠ: ಹಳ್ಳಿಯ ಡೈರಿ ನಿಂತಿರೋದು ದಿನಾ ಬೆಳಿಗ್ಗೆ ಅರ್ಧ ಲೀಟರ್ ಕೊಳ್ಳುವ ಮನೆಗಳಿಂದ, ಪವಾಡಗಳಿಂದಲ್ಲ.

ಒಂಟೆ ಹಾಲು ಔಷಧಿ ಅಂತ ನಂಬಿ ಕೊಂಡವರು ಶುಗರ್ ಇಳಿಯದಿದ್ರೆ ಬಿಟ್ಟುಬಿಡ್ತಾರೆ. ಆಗ ಕೆಲಸ ಕಳ್ಕೊಂಡ ಒಂಟೆಗೆ ಉಳಿದ ಕೊನೆಯ ಕೆಲಸವೂ ಹೋಗುತ್ತೆ. ನಮ್ಮನೇಲಿ ಈಗ ಅಮ್ಮ ಮೊದಲು ಮಾತ್ರೆ ನುಂಗ್ತಾರೆ, ಆಮೇಲೆ ಒಂದು ಸಣ್ಣ ಲೋಟ ಒಂಟೆ ಹಾಲು. ಸ್ವಲ್ಪ ಉಪ್ಪುಪ್ಪು, ಆದ್ರೂ ರುಚಿ ಹತ್ತಿದೆಯಂತೆ. ಮೊಸರಿಗೆ ಮಾತ್ರ ಎಮ್ಮೆ ಹಾಲೇ.