ಹಂಡೆಯೊಲೆಯಿಂದ ಉಗಿಯ ಬಾಯ್ಲರಿಗೆ



ಇವತ್ತಿನದು ಬೆಳೆಯ ಮಾತಲ್ಲ, ಗೊಬ್ಬರದ ಮಾತೂ ಅಲ್ಲ. ಬೆಂಕಿ ಮತ್ತು ನೀರಿನ ಮಾತು. ಕುಸುಬಲಕ್ಕಿ ಗಿರಣಿಯಲ್ಲಿ ಭತ್ತ ಬೇಯಿಸುವುದು ಉಗಿ. ಸಕ್ಕರೆ ಕಾರ್ಖಾನೆಯಲ್ಲಿ ನೀವು ಬೆಳೆದ ಕಬ್ಬಿನ ಹಾಲನ್ನು ಕಾಯಿಸುವುದೂ ಉಗಿಯೇ. ರೇಷ್ಮೆ ನೂಲು ತೆಗೆಯುವ ಎಷ್ಟೋ ಕಡೆ ಗೂಡು ಬೇಯುವುದಕ್ಕೂ ಉಗಿಯೇ ಬೇಕು. ಆ ಉಗಿ ಹುಟ್ಟುವ ಪಾತ್ರೆಗೆ ಬಾಯ್ಲರು ಎಂದು ಹೆಸರು. ಅದರ ಬಾಯಿಗೆ ಸೌದೆ, ಹೊಟ್ಟು ತುಂಬುತ್ತ ನಿಂತಿರುವವರು ಬಹುಮಟ್ಟಿಗೆ ನಮ್ಮ ಹಳ್ಳಿಗಳಿಂದ ಹೋದ ಹುಡುಗರು. ಈ ಪಾತ್ರೆ ಇಂದಿನ ರೂಪಕ್ಕೆ ಹೇಗೆ ಬಂತು, ಬರುವ ದಾರಿಯಲ್ಲಿ ಎಷ್ಟು ಜೀವ ತೆಗೆಯಿತು ಎಂಬುದು ನಮಗೂ ಗೊತ್ತಿರಬೇಕು. ನಾನು ಇಂಜಿನಿಯರಲ್ಲ, ಕೃಷಿ ಡಿಪ್ಲೊಮಾ ಓದಿದವನು. ಹಾಗಾಗಿ ಒಲೆಯ ಮಾತಿನಲ್ಲೇ ಹೇಳುತ್ತೇನೆ.

ಮನೆಯ ಬಚ್ಚಲ ಹಂಡೆಯನ್ನು ನೆನೆಸಿಕೊಳ್ಳಿ. ಉರಿ ಅದರ ತಳಕ್ಕೆ ತಾಗುತ್ತದೆ, ಆಮೇಲೆ ಪಕ್ಕದಿಂದ ನಾಲಗೆ ಚಾಚಿ, ಗೋಡೆಗೆ ಮಸಿ ಬಳಿದು, ಹೊಗೆಯಾಗಿ ಹೊರಟುಹೋಗುತ್ತದೆ. ನೀರಿಗೆ ಸೇರಿದ ಬಿಸಿ ಸ್ವಲ್ಪ, ಗೋಡೆಗೂ ಗಾಳಿಗೂ ಹೋದದ್ದೇ ಬಹಳ. ಹಾಗೆ ಹೋದ ಬಿಸಿಗೂ ನೀವು ಸೌದೆ ಹಾಕಿದ್ದೀರಷ್ಟೆ.

ಇಂಗ್ಲೆಂಡಿನಲ್ಲಿ ತಾಮಸ್ ನ್ಯೂಕಾಮೆನ್ ಎಂಬಾತ 1712ರಲ್ಲಿ ಡಡ್ಲಿ ಎಂಬ ಊರಿನ ಬಳಿ ಕಲ್ಲಿದ್ದಲ ಗಣಿಯ ನೀರೆತ್ತಲು ಉಗಿಯಂತ್ರ ನಿಲ್ಲಿಸಿದ. ಅದರ ಬಾಯ್ಲರು ಹೆಚ್ಚುಕಡಿಮೆ ನಮ್ಮ ಹಂಡೆಯೇ ಸರಿ. ಮದ್ಯ ತಯಾರಿಸುವವರು ಕಾಯಿಸಲು ಇಟ್ಟುಕೊಂಡಿದ್ದ ತಾಮ್ರದ ಕಡಾಯಿಯ ಮಾದರಿಯಲ್ಲಿ ಅದನ್ನು ಮಾಡಿ, ಮೇಲೆ ಗುಮ್ಮಟದಂಥ ಮುಚ್ಚಳ ಕೂರಿಸಿದ್ದರು. ದೂರದಿಂದ ನೋಡಿದವರಿಗೆ ಹುಲ್ಲಿನ ಮೆದೆಯ ಹಾಗೆ ಕಾಣುತ್ತಿತ್ತು. ಅದಕ್ಕೆ ಮೆದೆ ಬಾಯ್ಲರು ಎಂದೇ ಹೆಸರು ಬಿತ್ತು. ಅದರೊಳಗಿನ ಉಗಿಗೆ ಒತ್ತಡ ಬಲು ಕಡಮೆ. ಕಲ್ಲಿದ್ದಲನ್ನು ಮಾತ್ರ ಭೂತದ ಹಾಗೆ ತಿನ್ನುತ್ತಿತ್ತು. ಆದರೆ ಗಣಿಯ ಬಾಯಲ್ಲೇ ಕಲ್ಲಿದ್ದಲು ಬಿದ್ದಿರುವಾಗ ಲೆಕ್ಕ ಇಡುವವರು ಯಾರು?

ಲೆಕ್ಕ ಬಂದದ್ದು ಕಾರ್ನ್‌ವಾಲ್ ಪ್ರಾಂತ್ಯದಲ್ಲಿ. ಅದು ಇಂಗ್ಲೆಂಡಿನ ನೈಋತ್ಯ ಮೂಲೆ. ತವರ ಮತ್ತು ತಾಮ್ರದ ಗಣಿಗಳುಂಟು, ಕಲ್ಲಿದ್ದಲು ಇಲ್ಲ. ವೇಲ್ಸ್‌ನಿಂದ ಹಡಗಿನಲ್ಲಿ ತರಿಸಬೇಕು. ದುಡ್ಡು ಕೊಟ್ಟು ಸೌದೆ ಕೊಳ್ಳುವ ಮನೆಯಲ್ಲಿ ಒಲೆಯ ಮೇಲೆ ಕಣ್ಣಿರುತ್ತದೆ, ಕಾಡಂಚಿನ ಮನೆಯಲ್ಲಿ ಇರುವುದಿಲ್ಲ, ಇದೂ ಹಾಗೆಯೇ. 1769ರಲ್ಲಿ ಹೊಸ ಯಂತ್ರಕ್ಕೆ ಹಕ್ಕುಪತ್ರ ಪಡೆದ ಜೇಮ್ಸ್ ವಾಟ್ ಈ ಗಣಿಗಳಿಗೆ ಯಂತ್ರ ಕೊಟ್ಟಾಗ ಕೇಳಿದ ಬೆಲೆಯೂ ವಿಚಿತ್ರವಾಗಿತ್ತು. ಹಳೆಯ ಯಂತ್ರಕ್ಕಿಂತ ಎಷ್ಟು ಕಲ್ಲಿದ್ದಲು ಉಳಿಯುತ್ತದೋ ಅದರ ಬೆಲೆಯಲ್ಲಿ ಮೂರನೆಯ ಒಂದು ಪಾಲು ತನಗೆ ಕೊಡಿ ಎಂದ. ವ್ಯಾಪಾರ ಬಲ್ಲವನು!

ವಾಟ್‌ನ ಯಂತ್ರ ಚೆನ್ನಾಗಿತ್ತು, ಬಾಯ್ಲರು ಅಷ್ಟಕ್ಕಷ್ಟೆ. ಕಮಾನು ಕಟ್ಟಿದ ಎತ್ತಿನ ಗಾಡಿಯ ಆಕಾರದ ಉದ್ದನೆಯ ಕಬ್ಬಿಣದ ಪೆಟ್ಟಿಗೆ ಅದು. ಉರಿ ತಳದಲ್ಲಿ ಹಾದು, ಇಟ್ಟಿಗೆಯ ಕಾಲುವೆಯಲ್ಲಿ ತಿರುಗಿ, ಪಕ್ಕಗಳನ್ನೂ ಸವರಿ ಚಿಮಣಿ ಸೇರುತ್ತಿತ್ತು. ಇದು ಮೆದೆ ಬಾಯ್ಲರಿಗಿಂತ ಮೇಲು, ಏಕೆಂದರೆ ಬೆಂಕಿಗೆ ಉದ್ದನೆಯ ದಾರಿ ಸಿಕ್ಕಿತು. ಆದರೆ ಚಪ್ಪಟೆ ಪಕ್ಕದ ಪೆಟ್ಟಿಗೆಗೆ ಒತ್ತಡ ತಡೆಯುವ ಶಕ್ತಿಯಿಲ್ಲ, ಹೊಟ್ಟೆ ಉಬ್ಬಿ ಬಿರಿಯುತ್ತದೆ. ದುಂಡನೆಯ ಉರುಳೆಗಾದರೆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹಂಚಿಕೊಳ್ಳುತ್ತದೆ. ವಾಟ್‌ಗೆ ಹೆಚ್ಚು ಒತ್ತಡದ ಉಗಿ ಎಂದರೆ ಭಯ. ಬೇಡವೇ ಬೇಡ ಎಂದು ಕೊನೆಯವರೆಗೂ ಹೇಳಿದ.

ಬೇಕು ಎಂದವನು ಅದೇ ಕಾರ್ನ್‌ವಾಲಿನಲ್ಲಿ 1771ರಲ್ಲಿ ಹುಟ್ಟಿದ ರಿಚರ್ಡ್ ಟ್ರೆವಿಥಿಕ್. ಉಗಿಯ ಒತ್ತಡ ಹೆಚ್ಚಿಸಿದರೆ ಯಂತ್ರ ಚಿಕ್ಕದಾಗುತ್ತದೆ, ಗಾಡಿಯ ಮೇಲೂ ಇಡಬಹುದು ಎಂಬುದು ಅವನ ವಾದ. ಅವನು ಬೆಂಕಿಯನ್ನು ಪಾತ್ರೆಯ ಕೆಳಗಿನಿಂದ ತೆಗೆದು ಪಾತ್ರೆಯ ಒಳಗೇ ಇಟ್ಟ. ದೊಡ್ಡ ಉರುಳೆಯೊಳಗೆ ಒಂದು ಕೊಳವೆ, ಕೊಳವೆಯೊಳಗೆ ಒಲೆ, ಸುತ್ತಲೂ ನೀರು. ಈಗ ಉರಿಯ ಎಲ್ಲ ಪಕ್ಕದಲ್ಲೂ ನೀರೇ. ಗೋಡೆಗೆ ಹೋಗುತ್ತಿದ್ದ ಬಿಸಿ ನೀರಿಗೇ ಸೇರಬೇಕಾಯಿತು.

ಇಲ್ಲಿ ಸ್ವಲ್ಪ ನಿಲ್ಲೋಣ. ಏಕೆಂದರೆ ಇಲ್ಲಿಂದ ಮುಂದೆ ಬಾಯ್ಲರಿನ ಕಥೆ ಸೌದೆಯ ಉಳಿತಾಯದ ಕಥೆ ಮಾತ್ರವಲ್ಲ. ತೆರೆದ ಪಾತ್ರೆಯಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ, ಅದಕ್ಕಿಂತ ಬಿಸಿಯಾಗುವುದಿಲ್ಲ. ಬಿಗಿಯಾಗಿ ಮುಚ್ಚಿದ ಪಾತ್ರೆಯಲ್ಲಾದರೆ 150, 180 ಡಿಗ್ರಿಗೆ ಏರಿದರೂ ನೀರು ನೀರಾಗಿಯೇ ಇರುತ್ತದೆ. ಪಾತ್ರೆ ಎಲ್ಲಾದರೂ ಒಡೆದರೆ ಆ ನೀರಿನಲ್ಲಿ ಒಂದಷ್ಟು ಕಣ್ಣು ಮಿಟುಕಿಸುವಷ್ಟರಲ್ಲಿ ಉಗಿಯಾಗುತ್ತದೆ. ನೀರು ಉಗಿಯಾದಾಗ ಸುಮಾರು 1,600 ಪಟ್ಟು ಹೆಚ್ಚು ಜಾಗ ಬೇಕು. ಆ ಜಾಗವನ್ನು ಅದು ಗೋಡೆ, ಚಾವಣಿ, ಮನುಷ್ಯರನ್ನು ತಳ್ಳಿ ಮಾಡಿಕೊಳ್ಳುತ್ತದೆ.

1803ರ ಸೆಪ್ಟೆಂಬರ್ 8ರಂದು ಲಂಡನ್ ಹತ್ತಿರದ ಗ್ರೀನಿಚ್‌ನಲ್ಲಿ ಇದೇ ಆಯಿತು. ಒಂದು ಗಿರಣಿಯ ತಳಪಾಯದ ನೀರು ತೆಗೆಯಲು ಟ್ರೆವಿಥಿಕ್‌ನ ಯಂತ್ರ ಇಟ್ಟಿದ್ದರು. ಅದನ್ನು ನೋಡಿಕೊಳ್ಳಬೇಕಾಗಿದ್ದ ಹುಡುಗ ಹಾವುಮೀನು ಹಿಡಿಯಲು ಹೋಗಿದ್ದ. ಇನ್ನೊಬ್ಬ ಕೆಲಸಗಾರ ಬಂದು ಯಂತ್ರ ನಿಲ್ಲಿಸಿದ, ಆದರೆ ಉಗಿ ಬಿಡುವ ಕವಾಟವನ್ನು ಸಡಿಲಿಸಲಿಲ್ಲ. ಒಲೆ ಉರಿಯುತ್ತಲೇ ಇತ್ತು. ಬಾಯ್ಲರು ಸಿಡಿದು ನಾಲ್ವರು ಸತ್ತರು. ನೋಡಿದಿರಾ, ಹೆಚ್ಚಿನ ಒತ್ತಡದ ಉಗಿ ಅಂದರೆ ಇದೇ ಎಂದು ಎದುರಾಳಿಗಳು ಡಂಗುರ ಹೊಡೆದರು.

ಟ್ರೆವಿಥಿಕ್ ಏನು ಮಾಡಿದ, ಕೇಳಿ. ಹುಡುಗನನ್ನು ಬೈದು ಸುಮ್ಮನಾಗಲಿಲ್ಲ. ಬಾಯ್ಲರಿಗೆ ಒಂದರ ಬದಲು ಎರಡು ಕವಾಟ ಇಟ್ಟ. ಒಂದು ಕೆಲಸಗಾರನ ಕೈಗೆ, ಇನ್ನೊಂದು ಯಾರ ಕೈಗೂ ಸಿಗದಂತೆ. ಒಲೆಯ ಕೊಳವೆಯ ಮೇಲ್ಭಾಗದಲ್ಲಿ ರಂಧ್ರ ಕೊರೆದು ಸೀಸದ ಬಿರಡೆ ಹಾಕಿದ. ನೀರು ಮೇಲಿರುವ ತನಕ ಸೀಸಕ್ಕೆ ಏನೂ ಆಗದು. ನೀರು ಇಳಿದು ಕೊಳವೆ ಬರಿದಾದರೆ ಸೀಸ ಕರಗಿ, ಉಗಿ ಬುಸುಗುಟ್ಟುತ್ತ ಬೆಂಕಿಯ ಮೇಲೆ ನುಗ್ಗಿ ಎಲ್ಲರನ್ನೂ ಎಚ್ಚರಿಸುತ್ತದೆ. ಹುಡುಗರು ಎಲ್ಲ ಕಾಲಕ್ಕೂ ಮೀನು ಹಿಡಿಯಲು ಹೋಗುವವರೇ. ಅವನು ಹೋದಾಗಲೂ ಅನಾಹುತ ಆಗದಂತೆ ಪಾತ್ರೆಯನ್ನೇ ತಿದ್ದಬೇಕು. ನನ್ನ ಮಟ್ಟಿಗೆ ಬಾಯ್ಲರಿನ ಚರಿತ್ರೆಯಲ್ಲಿ ಈ ಸೀಸದ ಬಿರಡೆಗಿಂತ ದೊಡ್ಡ ಸುಧಾರಣೆ ಇನ್ನೊಂದಿಲ್ಲ.

1812ರ ಹೊತ್ತಿಗೆ ಅವನ ಬಾಯ್ಲರು ಇನ್ನೂ ನೇರ್ಪಾಯಿತು. ಒಳಗಿನ ಕೊಳವೆಯಲ್ಲಿ ಉರಿದ ಬಿಸಿ ಹಿಂಬದಿಗೆ ಹೋಗಿ, ತಳದಲ್ಲಿ ಮುಂದಕ್ಕೆ ಬಂದು, ಎರಡು ಪಕ್ಕದಲ್ಲೂ ಸುತ್ತಿ ಚಿಮಣಿಗೆ ಹೋಗುವಂತೆ ಕಟ್ಟಿದರು. ಇದಕ್ಕೆ ಕಾರ್ನಿಷ್ ಬಾಯ್ಲರು ಎಂದು ಹೆಸರು. ಅಷ್ಟರಲ್ಲಿ ಗಣಿಯವರು ಇನ್ನೊಂದು ಒಳ್ಳೆಯ ಪದ್ಧತಿ ಹಾಕಿಕೊಂಡಿದ್ದರು. 1811ರಿಂದ ಯಾವ ಗಣಿಯ ಯಂತ್ರ ಒಂದು ಬುಷೆಲ್ ಕಲ್ಲಿದ್ದಲಿಗೆ ಎಷ್ಟು ನೀರೆತ್ತಿತು ಎಂದು ತಿಂಗಳು ತಿಂಗಳೂ ಅಚ್ಚು ಹಾಕಿಸಿ ಹಂಚುತ್ತಿದ್ದರು. ನಮ್ಮಲ್ಲಿ ಎಕರೆಗೆ ಎಷ್ಟು ಮೂಟೆ ಎಂದು ಬೆಳೆ ಸ್ಪರ್ಧೆ ನಡೆಯುತ್ತದಲ್ಲ, ಹಾಗೆ. ಪಕ್ಕದ ಗಣಿಯವನು ಮುಂದಾದರೆ ಇವನಿಗೆ ನಿದ್ದೆ ಬಾರದು. ಬಾಯ್ಲರು ತಿದ್ದಿದರು, ಉಗಿಯನ್ನು ಜಾಣತನದಿಂದ ಬಳಸಿದರು, ಪಾತ್ರೆಗೂ ಕೊಳವೆಗೂ ಬಿಸಿ ಆರದಂತೆ ಹೊದಿಕೆ ಹಾಕಿದರು. ಮೂವತ್ತು ವರ್ಷದಲ್ಲಿ ಅಷ್ಟೇ ಕಲ್ಲಿದ್ದಲಿಗೆ ಸರಾಸರಿ ಸುಮಾರು ಮೂರು ಪಟ್ಟು ನೀರು ಮೇಲೆ ಬಂತು.

ಮುಂದಿನ ಹೆಜ್ಜೆಗಳನ್ನು ಬೇಗ ಹೇಳಿಬಿಡುತ್ತೇನೆ. 1829ರಲ್ಲಿ ಸ್ಟೀಫನ್‌ಸನ್ ತಂದೆ ಮಗನ ‘ರಾಕೆಟ್’ ರೈಲು ಯಂತ್ರದಲ್ಲಿ ಒಂದು ದಪ್ಪ ಕೊಳವೆಯ ಬದಲು 25 ಸಣ್ಣ ತಾಮ್ರದ ಕೊಳವೆಗಳಲ್ಲಿ ಬಿಸಿ ಹಾಯಿಸಿದರು. 1844ರಲ್ಲಿ ವಿಲಿಯಂ ಫೇರ್‌ಬೇರ್ನ್ ಮತ್ತು ಹೆದರಿಂಗ್ಟನ್ ಒಂದು ಉರುಳೆಯೊಳಗೆ ಎರಡು ಒಲೆ ಇಟ್ಟು ಲಂಕಾಷೈರ್ ಬಾಯ್ಲರು ಮಾಡಿದರು. ಎರಡಕ್ಕೂ ಒಟ್ಟಿಗೆ ಕಲ್ಲಿದ್ದಲು ಹಾಕದೆ ಒಂದಾದ ಮೇಲೆ ಒಂದಕ್ಕೆ ಹಾಕಬೇಕು. ಹೊಸದಾಗಿ ಹಾಕಿದ್ದರ ಹೊಗೆಯನ್ನು ಪಕ್ಕದಲ್ಲಿ ನಿಗಿನಿಗಿ ಉರಿಯುವ ಒಲೆ ಸುಟ್ಟುಬಿಡುತ್ತದೆ. ಕಪ್ಪು ಹೊಗೆ ಎಂದರೆ ಉರಿಯದೆ ಓಡಿಹೋಗುವ ಸೌದೆ, ತಾಯಂದಿರೇ. 1845ರಲ್ಲಿ ಎಡ್ವರ್ಡ್ ಗ್ರೀನ್ ಎಂಬಾತ ಚಿಮಣಿಗೆ ಹೋಗುವ ಹೊಗೆಯ ದಾರಿಯಲ್ಲಿ ನೀರಿನ ಕೊಳವೆಗಳನ್ನು ನಿಲ್ಲಿಸಿ, ಬಾಯ್ಲರಿಗೆ ಹೋಗುವ ನೀರನ್ನು ಮೊದಲೇ ಬಿಸಿ ಮಾಡಿದ. ಆ ಕೊಳವೆಗಳಿಗೆ ಹಿಡಿಯುವ ಮಸಿ ಕೆರೆಯಲು ಯಂತ್ರವನ್ನೂ ಇಟ್ಟ. 1867ರಲ್ಲಿ ಅಮೆರಿಕದ ಬ್ಯಾಬ್‌ಕಾಕ್ ಮತ್ತು ವಿಲ್ಕಾಕ್ಸ್ ಎಲ್ಲವನ್ನೂ ತಲೆಕೆಳಗು ಮಾಡಿದರು. ಕೊಳವೆಯಲ್ಲಿ ಬೆಂಕಿಯ ಬದಲು ನೀರು, ಹೊರಗೆ ಬೆಂಕಿ. ಒಂದು ಕೊಳವೆ ಒಡೆದರೂ ಇಡೀ ಕೆರೆ ಒಡೆದಂತಾಗುವುದಿಲ್ಲ. ಈಗ ದೊಡ್ಡ ಸಕ್ಕರೆ ಕಾರ್ಖಾನೆಗಳಲ್ಲಿ ಇರುವುದು ಈ ಜಾತಿಯವು.

ಸಕ್ಕರೆಯ ಮಾತು ಬಂತಲ್ಲ, ಒಲೆಯ ಮಾತೊಂದು ಹೇಳಬೇಕು. ವೆಸ್ಟ್ ಇಂಡೀಸ್ ದ್ವೀಪಗಳಲ್ಲಿ ಕಬ್ಬಿನ ಹಾಲು ಕಾಯಿಸಲು ಮೊದಲು ಕೊಪ್ಪರಿಗೆಗೊಂದು ಒಲೆ ಇತ್ತು. ಕಾಡೆಲ್ಲ ಕಡಿದು ಮುಗಿದ ಮೇಲೆ ಸಾಲಾಗಿ ಕೊಪ್ಪರಿಗೆ ಕೂರಿಸಿ ಒಂದೇ ಒಲೆ ಹಾಕಿದರು. ಜೋರಾದ ಉರಿಯ ಮೇಲೆ ಕೊನೆಯ ಪಾಕ, ಹಿಂದಿನವುಗಳಲ್ಲಿ ಹಸಿ ಹಾಲು, ಕೊಟ್ಟ ಕೊನೆಗೆ ಚಿಮಣಿ. ಉರುವಲು ಕಬ್ಬಿನ ಒಣ ಸಿಪ್ಪೆ, ನೀವು ರಚ್ಚು ಅನ್ನುವುದೇ. ಇದಕ್ಕೆ ಜಮೈಕಾ ಸಾಲು ಎಂದು ಹೆಸರಾಯಿತು. ನಮ್ಮ ಆಲೆಮನೆಗಳಲ್ಲೂ ಕೆಲವೆಡೆ ಎರಡು ಮೂರು ಕೊಪ್ಪರಿಗೆಯ ಒಲೆಗಳಿವೆ. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿದ ಕಾಲಕ್ಕೆ, ಗಾಣದಿಂದ ಬಂದ ರಚ್ಚನ್ನು ಒಣಗಿಸದೆ ಹಾಗೇ ಬಾಯ್ಲರಿಗೆ ಹಾಕುವ ಒಲೆಗಳು ಸಕ್ಕರೆ ನಾಡುಗಳಲ್ಲೆಲ್ಲ ರೂಢಿಯಾಗಿದ್ದವು. ಅಂಥ ರಚ್ಚಿನಲ್ಲಿ ಅರ್ಧದಷ್ಟು ನೀರೇ ಇರುತ್ತದೆ. ಕಾದ ಇಟ್ಟಿಗೆಯ ಗೂಡು ಮೊದಲು ಅದನ್ನು ಒಣಗಿಸುತ್ತದೆ, ಆಮೇಲೆ ಉರಿಸುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1980ರ ದಶಕದಲ್ಲಿ ಹಳ್ಳಿಗಳಿಗೆ ಕೊಟ್ಟ ಅಸ್ತ್ರ ಒಲೆಯಲ್ಲೂ ಮೂರು ಪಾತ್ರೆಗೆ ಒಂದೇ ಬೆಂಕಿ, ಕೊನೆಗೆ ಚಿಮಣಿ.

ಇನ್ನು ಹೊಲಕ್ಕೆ ಬರೋಣ. 1840ರ ದಶಕದಿಂದ ಇಂಗ್ಲೆಂಡಿನಲ್ಲಿ ಉಗಿಯಂತ್ರ ಗಾಲಿಯ ಮೇಲೆ ಕಣದಿಂದ ಕಣಕ್ಕೆ ಹೋಗಿ ಒಕ್ಕಣೆ ಮಾಡತೊಡಗಿತು. ಕಲ್ಲಿದ್ದಲು, ಸೌದೆ ಸಿಗದ ಬಯಲು ಸೀಮೆಗಳಿಗೆಂದು ಒಕ್ಕಿದ ಹುಲ್ಲನ್ನೇ ಉರಿಸುವ ಒಲೆಯನ್ನೂ ಮಾಡಿದರು. ಹುಲ್ಲು ಭಗ್ಗೆಂದು ಉರಿದು ಆರುವುದರಿಂದ ಅದನ್ನು ಬಿಡದೆ ತುರುಕುತ್ತಿರಬೇಕು. ಬೂದಿಯೂ ಹೆಚ್ಚು. ಅದಕ್ಕೆ ದೊಡ್ಡ ಒಲೆಗೂಡು ಬೇಕು. ಭತ್ತದ ಹೊಟ್ಟಿನ ಒಲೆ ಹೂಡಿದವರಿಗೆ ಇದೆಲ್ಲ ಗೊತ್ತಿದ್ದದ್ದೇ.

ಇಂಥದೇ ಒಂದು ಹಳೆಯ ಉಗಿ ಟ್ರಾಕ್ಟರನ್ನು 2001ರ ಜುಲೈ 29ರಂದು ಅಮೆರಿಕದ ಓಹಾಯೋ ರಾಜ್ಯದ ಮೆಡೈನಾ ಎಂಬಲ್ಲಿ ಪ್ರದರ್ಶನದ ಮೈದಾನಕ್ಕೆ ತಂದಿದ್ದರು. ಅದಕ್ಕೆ ಎಂಬತ್ತು ವರ್ಷ ದಾಟಿತ್ತು. ಬಾಯ್ಲರು ಸಿಡಿದು ಐವರು ಸತ್ತರು, ಹತ್ತಾರು ಜನಕ್ಕೆ ಗಾಯವಾಯಿತು. ತನಿಖೆಯಲ್ಲಿ ಹೊರಬಿದ್ದದ್ದು ಏನು? ನೀರು ಕೆಳಗಿಳಿದಿತ್ತು. ಒಲೆಯ ಮೇಲಿನ ತಗಡು ತುಕ್ಕು ತಿಂದು ತೆಳ್ಳಗಾಗಿತ್ತು. ಕರಗಬೇಕಾಗಿದ್ದ ಬಿರಡೆ ನೆಟ್ಟಗಿರಲಿಲ್ಲ. ಟ್ರೆವಿಥಿಕ್ ಸೀಸ ಹಾಕಿ ಸುಮಾರು ಇನ್ನೂರು ವರ್ಷವಾದ ಮೇಲೆ ನಡೆದದ್ದಿದು. ಆಮೇಲೆ ಓಹಾಯೋದಲ್ಲಿ ಹಳೆಯ ಯಂತ್ರಗಳಿಗೂ ಪರೀಕ್ಷೆ, ನಡೆಸುವವರಿಗೆ ಪರವಾನಗಿ ಬಂತು.

ನಮ್ಮ ದೇಶದಲ್ಲಿ ಕಾನೂನು ಬಂದದ್ದೂ ಸಾವಿನ ಹಿಂದೆಯೇ. 1863ರಲ್ಲಿ ಕಲ್ಕತ್ತೆಯಲ್ಲಿ ಬಾಯ್ಲರೊಂದು ಸಿಡಿಯಿತು, 1864ರಲ್ಲಿ ಬಂಗಾಳದಲ್ಲಿ ತಪಾಸಣೆಯ ಕಾಯಿದೆ ಆಯಿತು. ದೇಶಕ್ಕೆಲ್ಲ ಒಂದೇ ಕಾಯಿದೆ 1923ರಲ್ಲಿ ಬಂತು. ಅದರ ಜಾಗಕ್ಕೆ 2025ರಲ್ಲಿ ಹೊಸ ಕಾಯಿದೆ ಬಂದಿದೆ. ಕಾಯಿದೆಗೆ ಒಳಪಟ್ಟ ಬಾಯ್ಲರನ್ನು ತಪಾಸಣೆಯ ಪ್ರಮಾಣಪತ್ರವಿಲ್ಲದೆ ನಡೆಸುವ ಹಾಗಿಲ್ಲ. ಪತ್ರದಲ್ಲಿ ಅವಧಿಯೂ ಎಷ್ಟು ಒತ್ತಡದವರೆಗೆ ನಡೆಸಬಹುದೆಂಬುದೂ ಬರೆದಿರುತ್ತದೆ.

ನಿಮ್ಮ ಮಗನೋ ತಮ್ಮನೋ ಗಿರಣಿಯಲ್ಲಿ ಬಾಯ್ಲರಿನ ಹತ್ತಿರ ಕೆಲಸಕ್ಕಿದ್ದರೆ ಮೂರು ಮಾತು ಕೇಳಿ. ಪ್ರಮಾಣಪತ್ರದ ತಾರೀಖು ಮುಗಿದಿಲ್ಲವಷ್ಟೆ? ಉಗಿ ತಾನಾಗಿ ಬಿಡುವ ಕವಾಟಕ್ಕೆ ಯಾರೂ ತಂತಿ ಬಿಗಿದಿಲ್ಲವಷ್ಟೆ? ನೀರಿನ ಮಟ್ಟ ತೋರುವ ಗಾಜಿನ ಕೊಳವೆಯಲ್ಲಿ ಮಟ್ಟ ಸರಿಯಾಗಿ ಕಾಣುತ್ತದೆಯೇ? ನಮ್ಮ ಕೊಳವೆಬಾವಿಗಳ ನೀರು ಬಲು ಗಡುಸು. ಹಂಡೆಯ ತಳದಲ್ಲಿ ಸುಣ್ಣ ಕಟ್ಟುವಂತೆ ಬಾಯ್ಲರಿನೊಳಗೂ ಕಟ್ಟುತ್ತದೆ. ಸುಣ್ಣ ದಪ್ಪವಾದರೆ ಬಿಸಿ ನೀರಿಗೆ ಇಳಿಯದೆ ಕಬ್ಬಿಣವೇ ಕೆಂಪಗೆ ಕಾದು ಮೆತ್ತಗಾಗುತ್ತದೆ. ಗಾಜಿನ ಕೊಳವೆಯ ಕಿಂಡಿಗೂ ಅದೇ ಕಿಟ್ಟ ತುಂಬಿಕೊಂಡರೆ, ಒಳಗೆ ನೀರಿಲ್ಲದಿದ್ದರೂ ಗಾಜಿನಲ್ಲಿ ನೀರು ನಿಂತ ಹಾಗೆ ಕಾಣುತ್ತದೆ. ಅದಕ್ಕಾಗಿ ಗಾಜಿನ ಕೆಳಗೆ ಒಂದು ಸಣ್ಣ ನಲ್ಲಿ ಇಟ್ಟಿರುತ್ತಾರೆ. ಬಲ್ಲವರಿಂದ ಕಲಿತು ಪಾಳಿ ಶುರುವಾದ ಕೂಡಲೇ ಅದನ್ನು ಒಮ್ಮೆ ತಿರುಗಿಸಿ ಬಿಟ್ಟು ನೋಡಬೇಕು. ನೀರು ಹರಿದುಹೋಗಿ ಮತ್ತೆ ಮಟ್ಟಕ್ಕೆ ಚಟ್ಟನೆ ಏರಿದರೆ ಕಿಂಡಿ ಸರಿಯಾಗಿದೆ. ನಿಧಾನವಾಗಿ ತೆವಳಿ ಬಂದರೆ, ಇಲ್ಲವೇ ಬಾರದೆ ಹೋದರೆ, ಒಲೆಗೆ ಸೌದೆ ಹಾಕುವುದನ್ನು ಅಲ್ಲಿಗೇ ನಿಲ್ಲಿಸಿ ಮೇಲ್ವಿಚಾರಕನನ್ನು ಕರೆಯಬೇಕು.