ಡಿಜಿಟಲ್ ಕ್ರೆಡೆನ್ಷಿಯಲ್ಸ್ ಎಪಿಐ
ಬಳಕೆದಾರರ ಫೋನಿನ ವ್ಯಾಲೆಟ್‌ನಲ್ಲಿರುವ ಚಾಲನಾ ಪರವಾನಗಿಯಂಥ ಡಿಜಿಟಲ್ ಗುರುತುಪತ್ರದಿಂದ, ಅಗತ್ಯವಾದ ವಿವರವನ್ನಷ್ಟೇ ಕೇಳಿ ಪಡೆಯಲು ಜಾಲತಾಣಗಳಿಗೆ ಅನುವು ಮಾಡುವ ಬ್ರೌಸರ್ ಸೌಲಭ್ಯ. ಜಾಲದ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯ ಆಶ್ರಯದಲ್ಲಿ ರೂಪುಗೊಳ್ಳುತ್ತಿರುವ ಇದನ್ನು 2025ರಲ್ಲಿ ಕ್ರೋಮ್ ಮತ್ತು ಸಫಾರಿ ಅಳವಡಿಸಿಕೊಂಡವು. ಪಾಸ್‌ವರ್ಡ್ ಬದಲು ಬಳಸುವ ಪಾಸ್‌ಕೀಗಳಿಗೆ ಆಧಾರವಾದ ಕ್ರೆಡೆನ್ಷಿಯಲ್ ಮ್ಯಾನೇಜ್‌ಮೆಂಟ್ ಎಪಿಐಯ ವಿಸ್ತರಣೆಯಿದು.

ಪುಟದ ಜಾವಾಸ್ಕ್ರಿಪ್ಟ್ 'ನ್ಯಾವಿಗೇಟರ್.ಕ್ರೆಡೆನ್ಷಿಯಲ್ಸ್.ಗೆಟ್' ಫಂಕ್ಷನ್‌ಗೆ 'ಡಿಜಿಟಲ್' ಎಂಬ ಸದಸ್ಯದ ಮೂಲಕ ಕೋರಿಕೆ ಸಲ್ಲಿಸುತ್ತದೆ. ಎಚ್‌ಟಿಟಿಪಿಎಸ್ ಸಂಪರ್ಕ ಹಾಗೂ ಬಳಕೆದಾರರ ಕ್ಲಿಕ್ಕಿನಂಥ ಕ್ರಿಯೆ ಕಡ್ಡಾಯ. ಕೋರಿಕೆಯಲ್ಲಿ ಸರ್ವರ್ ಪ್ರತಿಸಲ ಹೊಸದಾಗಿ ಸೃಷ್ಟಿಸಿದ ಯಾದೃಚ್ಛಿಕ ಸಂಖ್ಯೆ ಇರುತ್ತದೆ. ಹಳೆಯ ಉತ್ತರದ ಮರುಬಳಕೆಯನ್ನು ಅದು ತಡೆಯುತ್ತದೆ. ವ್ಯಾಲೆಟ್ ಕಳುಹಿಸುವ ಉತ್ತರದ ಸಹಿಯನ್ನು ಸರ್ವರಿನಲ್ಲೇ ಪರಿಶೀಲಿಸಬೇಕು. ಪುಟದೊಳಗೆ ನಡೆಸುವ ಪರಿಶೀಲನೆಯನ್ನು ಯಾರು ಬೇಕಾದರೂ ತಿದ್ದಬಹುದಾದ್ದರಿಂದ ಅದಕ್ಕೆ ಬೆಲೆಯಿಲ್ಲ.

ಗೋಪ್ಯತೆಯ ತಿರುಳು ಆಯ್ದ ವಿವರಗಳನ್ನಷ್ಟೇ ಬಹಿರಂಗಪಡಿಸುವುದರಲ್ಲಿದೆ. 2021ರ ಐಎಸ್‌ಒ/ಐಇಸಿ 18013-5 ಮಾನದಂಡದ ಪ್ರಕಾರ ಪರವಾನಗಿ ನೀಡುವ ಪ್ರಾಧಿಕಾರ ಪ್ರತಿ ವಿವರಕ್ಕೂ ಯಾದೃಚ್ಛಿಕ ಅಂಶ ಬೆರೆಸಿ, ಮೂಲ ವಿವರವನ್ನು ಬಿಟ್ಟುಕೊಡದ ಹ್ಯಾಶ್ ಎಂಬ ಸಂಕೇತ ತೆಗೆದು, ಹ್ಯಾಶ್‌ಗಳ ಪಟ್ಟಿಗೆ ಸಹಿ ಹಾಕುತ್ತದೆ. ಹೀಗಾಗಿ 'ಏಜ್_ಓವರ್_18' ಎಂಬ ಒಂದೇ ವಿವರವನ್ನು, ಹೆಸರು, ವಿಳಾಸ, ಜನ್ಮದಿನಾಂಕ ಮುಚ್ಚಿಟ್ಟೇ ಸಾಬೀತುಪಡಿಸಬಹುದು. ಗುರುತುಪತ್ರದ ಚಿತ್ರ ಅಪ್‌ಲೋಡ್ ಮಾಡುವ ರೂಢಿಗಿಂತ ಇದು ಹೆಚ್ಚು ಸುರಕ್ಷಿತ. ಆದರೆ ಪ್ರಾಧಿಕಾರದ ಸಹಿ ಎಲ್ಲೆಡೆ ಒಂದೇ ಆಗಿದ್ದರೆ, ಎರಡು ತಾಣಗಳು ಅದನ್ನು ಹೋಲಿಸಿ, ತಮ್ಮಲ್ಲಿಗೆ ಬಂದವರು ಒಬ್ಬರೇ ಎಂದು ಗುರುತಿಸಬಲ್ಲವು. ಇದಕ್ಕೆ ಗುರುತುಪತ್ರದ, ಬೇರೆ ಬೇರೆ ಸಹಿಯುಳ್ಳ, ಒಮ್ಮೆ ಮಾತ್ರ ಬಳಸುವ ಪ್ರತಿಗಳನ್ನು ಗೊಂಚಲಾಗಿ ನೀಡುವುದು ಸದ್ಯದ ಪರಿಹಾರ. ಮೂಲ ಮಾಹಿತಿಯನ್ನಾಗಲಿ ಸಹಿಯನ್ನಾಗಲಿ ತೋರಿಸದೆಯೇ ಹೇಳಿಕೆಯನ್ನು ಸಾಬೀತುಪಡಿಸುವ ಶೂನ್ಯಜ್ಞಾನ ಪುರಾವೆ ಇನ್ನೊಂದು ದಾರಿ. ಅದಕ್ಕಾಗಿ ಗೂಗಲ್ 2025ರಲ್ಲಿ ಲಾಂಗ್‌ಫೆಲೋ ಎಂಬ ಮುಕ್ತ ಆಕರ ತಂತ್ರಾಂಶವನ್ನು ಬಿಡುಗಡೆ ಮಾಡಿತು.